ಎರೆಯ ದಾರಿಗೆ ಹೊಸ ಮೋಟಾರು ಸೈಕಲ್ಲು

ಮೋಟಾರು ಸೈಕಲ್ಲನ್ನು ಡಾಂಬರು ರಸ್ತೆಯ ಮೇಲೆ ನಡೆಸುವುದನ್ನು ಕಲಿಯಲು ಹರೆಯದ ಹುಡುಗನಿಗೆ ಎಂಟು ದಿನ ಸಾಕು. ರಸ್ತೆಯೇ ಇಲ್ಲದ ಕಡೆ ನಡೆಸುವುದನ್ನು ನಾನು ಐವತ್ತಾರನೆಯ ವಯಸ್ಸಿನಲ್ಲಿ ಕಲಿಯತೊಡಗಿದೆ. ಅದಕ್ಕೆ ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳ ಅನುಭವವನ್ನೇ ಇಂದು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ. ನಾನು ಯಂತ್ರಶಾಸ್ತ್ರ ಬಲ್ಲವನಲ್ಲ, ಪಂದ್ಯದ ಸವಾರನೂ ಅಲ್ಲ. ದನಗಳ ಡಾಕ್ಟರ. ನನ್ನ ಕೆಲಸ ಎಂ.ಕೆ. ಹುಬ್ಬಳ್ಳಿಯ ಸುತ್ತಿನ ಹಳ್ಳಿಗಳಲ್ಲಿ.

ಎಂ.ಕೆ. ಹುಬ್ಬಳ್ಳಿ ಎಂದಾಗ ಹೊರಗಿನವರು ಧಾರವಾಡದ ಜೋಡಿಯಾದ ದೊಡ್ಡ ಹುಬ್ಬಳ್ಳಿಯನ್ನೇ ನೆನೆಯುತ್ತಾರೆ. ಇದು ಬೇರೆ, ಕಿತ್ತೂರು ನಾಡಿನದು, ಬೆಳಗಾವಿ ಜಿಲ್ಲೆಯದು. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಇಲ್ಲಿ ಮಲಪ್ರಭೆಯನ್ನು ದಾಟುತ್ತದೆ. ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಸ್ಥಳ ಹೊಳೆಯ ನಡುವೆಯೇ ಇದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ಮಲೆನಾಡನ್ನು ಬಿಟ್ಟು ಬಯಲಿಗೆ ಇಳಿಯುವ ಎಡೆ ಇದು. ಆದುದರಿಂದ ನಮ್ಮಲ್ಲಿ ಮಣ್ಣು ಎರಡು ಬಗೆಯದು. ಪಡುವಣದ ಕಡೆ ಕೆಂಪು ಮಸಾರಿ ಮತ್ತು ಮಡ್ಡಿ. ಮೂಡಣಕ್ಕೆ, ಬೈಲಹೊಂಗಲ ಸವದತ್ತಿಗಳತ್ತ ಹೋದಂತೆ ಎರೆ. ಮಸಾರಿಯ ಮೇಲೆ ಮಳೆ ಬಿದ್ದು ಅರ್ಧ ದಿನ ಕಳೆದರೆ ಚಕ್ಕಡಿ ಹೋಗುತ್ತದೆ. ಎರೆಯ ಮೇಲೆ ಬಿದ್ದರೆ ವಾರವಾದರೂ ಅದು ಕಾಲು ಬಿಡುವುದಿಲ್ಲ.

ಎರೆಮಣ್ಣಿನ ಗುಣ ಬೇಸಾಯದವರಿಗೆ ಹೇಳಿಕೊಡಬೇಕಾದುದಲ್ಲ. ಆದರೂ ಈ ಮಾತಿಗೆ ಅದು ಬೇಕು. ಈ ಮಣ್ಣಿನ ಕಣ ಅತಿ ಸಣ್ಣದು, ಹಾಳೆಹಾಳೆಯಾಗಿ ಇರುವಂಥದು. ನೀರು ಆ ಹಾಳೆಗಳ ನಡುವೆ ಸೇರಿದಾಗ ಮಣ್ಣು ಉಬ್ಬುತ್ತದೆ. ಆರಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಆ ಬಿರುಕಿನಲ್ಲಿ ಕೈ ಇಳಿಯುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ನೆಲಕ್ಕೆ ಅಂಟಿಕೊಂಡಿರುವುದಕ್ಕಿಂತ ತನಗೆ ತಾನೇ ಹೆಚ್ಚು ಅಂಟಿಕೊಳ್ಳುತ್ತದೆ. ಗಾಲಿ ಉರುಳಿದಂತೆ ಹೂರಣದ ಉಂಡೆಯ ಹಾಗೆ ಸುತ್ತಿಕೊಳ್ಳುತ್ತ ಬರುತ್ತದೆ. ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿ ಕಾಣುವುದಿಲ್ಲ. ಇಪ್ಪತ್ತು ಮಾರಿನಲ್ಲಿ ಅದು ತಿರುಗುವುದೂ ಇಲ್ಲ.

2021ರ ಜುಲೈ ತಿಂಗಳಿನಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಸುರಿದ ಮಳೆಯನ್ನು ನಮ್ಮ ಕಡೆಯವರು ಮರೆತಿರಲಾರರು. ಆ ದಿನಗಳಲ್ಲೊಂದು ರಾತ್ರಿ ಹೊಲಮನೆಯೊಂದರಿಂದ ಕರೆ ಬಂದಿತು. ಎಮ್ಮೆಗೆ ಸಂಜೆಯಿಂದ ನೋವು, ಕರು ಬರುತ್ತಿಲ್ಲ. ಎಮ್ಮೆಗಳಲ್ಲಿ ಇಂಥ ಹೊತ್ತಿನಲ್ಲಿ ನಾವು ಮೊದಲು ಶಂಕಿಸುವುದು ಗರ್ಭಚೀಲದ ತಿರುಚನ್ನು. ಚೀಲವು ಗೋಣಿಯ ಬಾಯಿ ಹಿಂಡಿದಂತೆ ತಿರುಚಿಕೊಂಡಿರುತ್ತದೆ. ತಾಯಿ ಎಷ್ಟು ಮುಕ್ಕಿದರೂ ದಾರಿ ಇಲ್ಲ. ಎಮ್ಮೆಯನ್ನು ಕೆಡವಿ, ಹೊಟ್ಟೆಯ ಮೇಲೆ ಹಲಗೆಯಿಟ್ಟು, ಅದರ ಮೇಲೊಬ್ಬ ನಿಂತು, ತಿರುಚಿದ ದಿಕ್ಕಿಗೇ ಮೈಯನ್ನು ಮೆಲ್ಲಗೆ ಹೊರಳಿಸಿದರೆ ಅದು ಬಿಚ್ಚಿಕೊಳ್ಳುವುದುಂಟು. ಆದರೆ ತಡವಾದಷ್ಟೂ ಬಿಚ್ಚುವ ಆಸೆ ಕಡಿಮೆ. ನನ್ನ ಬಳಿ ಆಗ ಇದ್ದುದು ಊರಲ್ಲಿ ಎಲ್ಲರೂ ಇಟ್ಟುಕೊಳ್ಳುವಂಥ ಸಾಮಾನ್ಯ ಮೋಟಾರು ಸೈಕಲ್ಲು. ಡಾಂಬರು ಮುಗಿದು ಎರೆಯ ಚಕ್ಕಡಿ ದಾರಿ ಹಿಡಿದ ಮೇಲೆ ಎರಡು ಹೊಲ ದಾಟುವಷ್ಟರಲ್ಲಿ ಮುಂದಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಕಿಕ್ಕಿರಿದು ಗಾಲಿ ನಿಂತೇಹೋಯಿತು. ಕೋಲಿನಿಂದ ಕೆತ್ತಿದೆ, ಹತ್ತು ಮಾರು ಹೋದೆ, ಮತ್ತೆ ಕೆತ್ತಿದೆ. ಕಡೆಗೆ ಬದುವಿಗೆ ಒರಗಿಸಿ, ಚೀಲ ಹೊತ್ತು ನಡೆದೆ. ಮೂರು ಕಿಲೋಮೀಟರು ನಡೆಯಲು ಎರಡು ತಾಸು ಬೇಕಾದವು. ನಾನು ಮುಟ್ಟಿದಾಗ ಕರು ಸತ್ತಿತ್ತು. ಎಮ್ಮೆ ಮೂರನೆಯ ದಿನ ಹೋಯಿತು. ಆ ಮನೆಗೆ ಹಾಲಿನ ದುಡ್ಡು ತರುತ್ತಿದ್ದುದು ಅದೊಂದೇ ಎಮ್ಮೆ. ಮನೆಯ ಯಜಮಾನಿತಿ ನನಗೆ ಒಂದು ಮಾತೂ ಅನ್ನಲಿಲ್ಲ; ಚಹಾ ಮಾಡಿಕೊಟ್ಟಳು.

ಮರುದಿನ ಗಾಡಿಯನ್ನು ಮಣ್ಣಿನಿಂದ ಬಿಡಿಸಲು ಬಂದ ಮುದುಕ ರೈತನೊಬ್ಬ, ಮಡ್‌ಗಾರ್ಡನ್ನು ಬೆರಳಿನಿಂದ ತಟ್ಟುತ್ತ, "ಡಾಕ್ಟ್ರ, ನಮ್ಮ ಚಕ್ಕಡಿ ಗಾಲಿಗೆ ಮ್ಯಾಲ ಮುಚ್ಚಳ ಐತೇನ್ರಿ?" ಎಂದು ಕೇಳಿದ.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಚಕ್ಕಡಿಯ ಗಾಲಿ ದೊಡ್ಡದು, ತೆಳುವಾದುದು, ಬೆತ್ತಲೆಯಾದುದು. ದೊಡ್ಡದಾದುದರಿಂದ ಕುಳಿಯಲ್ಲಿ ಬೀಳದೆ ಕುಳಿಯ ಮೇಲೆ ಹಾಯುತ್ತದೆ. ತೆಳುವಾದುದರಿಂದ ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತದೆ. ಬೆತ್ತಲೆಯಾದುದರಿಂದ ಮೆತ್ತಿದ ಮಣ್ಣು ತನ್ನ ಭಾರಕ್ಕೆ ತಾನೇ ಕಳಚಿ ಬೀಳುತ್ತದೆ. ನಮ್ಮ ಬಡಿಗೇರರು ಯಾವ ಕಾಗದದ ಮೇಲೂ ಲೆಕ್ಕ ಬರೆಯದೆ ಈ ಮೂರನ್ನೂ ಸಾಧಿಸಿದ್ದರು. ಮಣ್ಣುದಾರಿಗೆಂದೇ ಮಾಡುವ ಮೋಟಾರು ಸೈಕಲ್ಲಿನ ಚಿತ್ರವನ್ನು ಮುಂದೊಂದು ದಿನ ನೋಡಿದಾಗ ಮುದುಕನ ಚಕ್ಕಡಿಯೇ ಎದುರಿಗೆ ನಿಂತಂತಾಯಿತು. ಮುಂದಿನ ಗಾಲಿ ದೊಡ್ಡದು, ತೆಳುವಾದುದು. ಮಡ್‌ಗಾರ್ಡು ಗಾಲಿಗೆ ತಾಗದೆ ಕೊಕ್ಕರೆಯ ಕೊಕ್ಕಿನಂತೆ ಎಷ್ಟೋ ಮೇಲೆ ಚಾಚಿಕೊಂಡಿದೆ.

ಅದೇ ವರ್ಷದ ದೀಪಾವಳಿ ಪಾಡ್ಯಕ್ಕೆ ಮನೆಯ ಮುಂದೆ ಅಂಥ ಗಾಡಿ ಬಂದು ನಿಂತಿತು. 2019ರಲ್ಲಿ ಬಂದ ಎಕ್ಸ್‌ಪಲ್ಸ್ 200 ಎಂಬ ಜಾತಿಯದು. ಮುಂದಿನ ಗಾಲಿ 21 ಇಂಚು, ಹಿಂದಿನದು 18. ನೆಲಕ್ಕೂ ಹೊಟ್ಟೆಗೂ 220 ಮಿಲಿಮೀಟರು ಅಂತರ. ಮುಂದಿನ ಫೋರ್ಕು 190 ಮಿಲಿಮೀಟರು ಕುಗ್ಗಿ ಹಿಗ್ಗುತ್ತದೆ, ಹಿಂದಿನ ಗಾಲಿ 170. ಗಾಲಿಗಳಿಗೆ ಸ್ಪೋಕಿನ ಕಡ್ಡಿಗಳು. ಮನೆಯವಳು ಆರತಿ ಎತ್ತಿದಳು. ಎತ್ತುವಾಗಲೇ, "ಮೊಮ್ಮಗ ಆಡೂ ಗಾಡಿ ಅಜ್ಜ ತಂದಾರ" ಎಂದಳು. ಅದು ಸುಳ್ಳೂ ಅಲ್ಲ. ಆಸನ ಎಷ್ಟು ಎತ್ತರವೆಂದರೆ ನನ್ನ ಎರಡೂ ಅಂಗಾಲು ಒಟ್ಟಿಗೆ ನೆಲ ಮುಟ್ಟುತ್ತಿರಲಿಲ್ಲ.

ಹೊಸ ಗಾಡಿಯನ್ನು ಹದಕ್ಕೆ ತರುವುದೆಂದರೆ ಒಂದು ಕಾಲದಲ್ಲಿ ಕಾರ್ಬುರೇಟರಿನ ತಿರುಪು ಹಿಡಿದು ಕೂರುವುದೇ ಆಗಿತ್ತು. ನನ್ನ ಸೋದರಮಾವನ ಬಳಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಇತ್ತು. ಅದರಲ್ಲಿ ಕಿಕ್ ಹೊಡೆಯುವ ಕೋಲೇ ಗೇರಿನ ಕೋಲು. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಚಳಿಗೆ ಒಂದು ಹದ, ಬಿಸಿಲಿಗೆ ಒಂದು ಹದ. ಮಾವ ಸಣ್ಣ ತಿರುಪುಳಿಯೊಂದನ್ನು ಜನಿವಾರದಂತೆ ಸದಾ ಜೊತೆಗೆ ಇಟ್ಟುಕೊಂಡಿರುತ್ತಿದ್ದ. 1961ರಲ್ಲಿ ಮೊದಲಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಇಂದಿನ ಗಾಡಿಗಳಲ್ಲಿ ಪೆಟ್ರೋಲನ್ನು ಪಿಚಕಾರಿಯಂತೆ ಚಿಮ್ಮಿಸುವ ಏರ್ಪಾಡು ಇದೆ. ಹೊಗೆಕೊಳವೆಯಲ್ಲಿ ಕೂತ ಸಂವೇದಕವೊಂದು ಆಮ್ಲಜನಕವನ್ನು ಅಳೆದು, ಎಷ್ಟು ಚಿಮ್ಮಿಸಬೇಕೆಂಬುದನ್ನು ತಾನೇ ತೀರ್ಮಾನಿಸುತ್ತದೆ. ಹೀಗಾಗಿ ಎಂಜಿನ್ನಿನಲ್ಲಿ ನಮ್ಮಂಥವರು ಕೈಯಾಡಿಸಲು ಹೆಚ್ಚೇನೂ ಉಳಿದಿಲ್ಲ. ಮೊದಲ ಐನೂರು ಕಿಲೋಮೀಟರು ಒಂದೇ ವೇಗಕ್ಕೆ ಕಟ್ಟುಬೀಳದೆ, ಜಗ್ಗಾಡದೆ ನಡೆಸಬೇಕು; ಮೊದಲ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಹೊಸ ಲೋಹ ಒಂದಕ್ಕೊಂದು ಉಜ್ಜಿ ಉದುರಿಸಿದ ಪುಡಿ ಆ ಎಣ್ಣೆಯಲ್ಲಿ ಬೆಳ್ಳಿಯ ದೂಳಿನಂತೆ ಮಿನುಗುತ್ತದೆ. ಗಾಳಿ ಸೋಸುವ ಫಿಲ್ಟರನ್ನು ಸುಗ್ಗಿಯ ದೂಳಿನ ಕಾಲದಲ್ಲಿ ಪುಸ್ತಕದಲ್ಲಿ ಬರೆದುದಕ್ಕಿಂತ ಮೊದಲೇ ನೋಡಬೇಕು. ಎಂಜಿನ್ನಿನ ಮಾತು ಅಷ್ಟೆ.

ಹದಕ್ಕೆ ತರಬೇಕಾದುದೆಲ್ಲ ಈಗ ಎಂಜಿನ್ನಿನ ಹೊರಗಿದೆ. ಸವಾರನ ಭಾರ, ಗಾಲಿಯ ಗಾಳಿ, ಚೈನು, ಕಡ್ಡಿಗಳು. ಇವು ನನ್ನ ಮೈಗೂ ನಮ್ಮ ಮಣ್ಣಿಗೂ ಹೊಂದಬೇಕು. ಕಾರ್ಖಾನೆಯವನಿಗೆ ನನ್ನ ಮೈಯೂ ಗೊತ್ತಿಲ್ಲ, ನಮ್ಮ ಮಣ್ಣೂ ಗೊತ್ತಿಲ್ಲ.

ಭಾರದ ಮಾತು ಚಕ್ಕಡಿ ಹೂಡಿದವರಿಗೆ ಕೂಡಲೇ ತಿಳಿಯುತ್ತದೆ. ಹೇರು ಮುಂಭಾರವಾದರೆ ಎತ್ತಿನ ಹೆಗಲು ಹಣ್ಣಾಗುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಬರುತ್ತದೆ. ಮೋಟಾರು ಸೈಕಲ್ಲಿನಲ್ಲಿಯೂ ಹಾಗೆಯೇ. ಸವಾರ ಕುಳಿತಾಗ ಹಿಂದಿನ ಸ್ಪ್ರಿಂಗು ಅತಿಯಾಗಿ ಕುಗ್ಗಿದರೆ ಮುಂದಿನ ಗಾಲಿ ಹಗುರಾಗಿ, ಹ್ಯಾಂಡಲ್ಲು ಹೇಳಿದ ಮಾತು ಕೇಳುವುದಿಲ್ಲ. ಕುಗ್ಗದೆ ಬಿಗಿದು ನಿಂತರೆ ಪ್ರತಿ ಕಲ್ಲೂ ಬೆನ್ನುಹುರಿಗೆ ಬಡಿಯುತ್ತದೆ. ಅಳೆಯುವ ಬಗೆ ಸುಲಭ. ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ, ಅಚ್ಚಿನಿಂದ ಅದರ ನೇರ ಮೇಲಿನ ಒಂದು ಗುರುತಿನವರೆಗೆ ಟೇಪು ಹಿಡಿದು ಬರೆದುಕೊಳ್ಳಬೇಕು. ಆಮೇಲೆ ಗಾಲಿಯನ್ನು ನೆಲಕ್ಕೆ ಬಿಟ್ಟು, ಸವಾರ ತನ್ನ ಎಲ್ಲ ಸಾಮಾನಿನೊಡನೆ ಕುಳಿತು, ಇನ್ನೊಬ್ಬರಿಂದ ಅದನ್ನೇ ಮತ್ತೆ ಅಳೆಯಿಸಬೇಕು. ವ್ಯತ್ಯಾಸ ಗಾಲಿಯ ಒಟ್ಟು ಓಟದ ಮೂರನೆಯ ಒಂದು ಪಾಲಿನ ಸುತ್ತ ಇರಬೇಕೆಂಬುದು ಬಲ್ಲವರ ಲೆಕ್ಕ. ನನ್ನ ಗಾಡಿಯಲ್ಲಿ 55 ಮಿಲಿಮೀಟರಿನ ಸುಮಾರು. ಔಷಧಿಯ ಚೀಲ ಹಾಕಿಕೊಂಡು ನಾನು ಕುಳಿತೆ, ಮನೆಯವಳು ಟೇಪು ಹಿಡಿದಳು. 72 ಬಂದಿತು. "ಗಾಡೀದು ತಪ್ಪಲ್ಲ ಬಿಡ್ರಿ" ಎಂದಳು. ಕೊಕ್ಕೆಪಾನದಿಂದ ಸ್ಪ್ರಿಂಗಿನ ಬಳೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಗಿಯುತ್ತ 57ಕ್ಕೆ ತಂದೆ. ಅಂದು ಸಂಜೆ ಮಡ್ಡಿಯ ಇಳುಕಲಿನಲ್ಲಿ ಹೋದಾಗ ಬೇರೊಂದೇ ಗಾಡಿಯ ಮೇಲೆ ಕುಳಿತಂತಾಯಿತು.

ಚೈನಿನ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಸಡಿಲಾಗಿ ಕಾಣುತ್ತದೆಂದು ಸ್ಟ್ಯಾಂಡಿನ ಮೇಲೆ ನಿಂತಿದ್ದಾಗಲೇ ತಂತಿಯಂತೆ ಬಿಗಿದುಬಿಟ್ಟೆ. ಗಾಲಿ ಇಷ್ಟು ಉದ್ದ ಓಡಾಡುವ ಗಾಡಿಯಲ್ಲಿ ಹಿಂದಿನ ಅಚ್ಚು, ತೊಟ್ಟಿಲಿನ ಕೀಲು, ಎಂಜಿನ್ನಿನ ಹಲ್ಲುಗಾಲಿ ಮೂರೂ ಒಂದೇ ಗೆರೆಯಲ್ಲಿ ಬಂದಾಗ ಚೈನು ಎಲ್ಲಕ್ಕಿಂತ ಬಿಗಿಯಾಗಿರುತ್ತದೆ. ಸವಾರ ಕುಳಿತು ಸ್ಪ್ರಿಂಗು ಕುಗ್ಗಿದಾಗ ಆಗುವುದು ಇದೇ. ನಿಂತ ಗಾಡಿಯಲ್ಲಿ ಸಡಿಲವೆಂದು ಕಂಡದ್ದು ಕುಳಿತ ಗಾಡಿಯಲ್ಲಿ ಸರಿಯಾಗಿರುತ್ತದೆ. ಬಿಗಿದ ಚೈನು ಬೇರಿಂಗುಗಳನ್ನು ತಿನ್ನುತ್ತದೆ, ಇಲ್ಲವೆ ತಾನೇ ಹರಿಯುತ್ತದೆ. ನನ್ನದು ಹರಿಯುವ ಮೊದಲೇ ಕಿತ್ತೂರಿನ ಮೆಕ್ಯಾನಿಕ್ ಹುಡುಗನೊಬ್ಬ ನೋಡಿ ಬಯ್ದ.

ಸ್ಪೋಕಿನ ಕಡ್ಡಿಗಳ ಪಾಠವನ್ನು ಕೊಟ್ಟವನೂ ಆ ಹುಡುಗನೇ. ಸಣ್ಣ ಪಾನಾ ತೆಗೆದುಕೊಂಡು ಗಾಲಿಯನ್ನು ತಿರುಗಿಸುತ್ತ ಒಂದೊಂದೇ ಕಡ್ಡಿಯನ್ನು ಮೀಟುತ್ತ ಹೋಗಬೇಕು. ಬಿಗಿಯಾದುದು ಟಿಣ್ ಎನ್ನುತ್ತದೆ. ಸಡಿಲಾದುದು ಟಪ್ ಎಂದು ಮಂಕಾಗಿ ನುಡಿಯುತ್ತದೆ. ಧಾರವಾಡದ ಸೀಮೆಯಲ್ಲಿ ಬೆಳೆದವನಿಗೆ ತಂಬೂರಿಯ ಶ್ರುತಿ ಕೇಳಿಸದಿದ್ದರೂ ಇದು ಕೇಳಿಸುತ್ತದೆ. ಹೊಸ ಗಾಲಿಯಲ್ಲಿ ಮೊದಲ ದಿನಗಳಲ್ಲೇ ಕಡ್ಡಿಗಳು ಸಡಿಲಾಗುತ್ತವೆ. ಒಂದು ಸಡಿಲಾದರೆ ಅದರ ಭಾರ ನೆರೆಯ ಎರಡರ ಮೇಲೆ ಬೀಳುತ್ತದೆ. ಮಣ್ಣುದಾರಿಯಲ್ಲಿ ಹೋಗಿ ಬಂದ ಪ್ರತಿಸಲವೂ ನಾನು ಈ ಶ್ರುತಿಪರೀಕ್ಷೆ ಮಾಡುತ್ತೇನೆ.

ಇನ್ನು ಸವಾರಿ. ಇದರಲ್ಲಿ ಮೊದಲು ಮರೆಯಬೇಕಾದುದು ಕುಳಿತುಕೊಳ್ಳುವುದನ್ನು. ಕಾಲಿಡುವ ಗೂಟಗಳ ಮೇಲೆ ಎದ್ದು ನಿಂತು, ಮೊಳಕಾಲಿನಿಂದ ಟಾಕಿಯನ್ನು ಅಮುಕಿ ಹಿಡಿದು, ಮೊಳಕೈಗಳನ್ನು ಹೊರಕ್ಕೆ ಬಿಟ್ಟು ಸಾಗಬೇಕು. ನಿಂತಾಗ ನಮ್ಮ ಭಾರ ಆಸನದ ಎತ್ತರದಿಂದ ಗೂಟದ ಮಟ್ಟಕ್ಕೆ ಇಳಿಯುತ್ತದೆ. ಗಾಡಿ ನಮ್ಮ ಕೆಳಗೆ ಬೇಕಾದಂತೆ ಓಲಾಡಿದರೂ ಮೈ ಓಲಾಡುವುದಿಲ್ಲ. ಹ್ಯಾಂಡಲ್ಲನ್ನು ಹಾಲು ಕರೆಯುವ ಕೈಯಲ್ಲಿ ಹಿಡಿಯಬೇಕೇ ವಿನಾ ಹೋರಿಯ ಕೊಂಬು ಹಿಡಿಯುವ ಕೈಯಲ್ಲಿ ಅಲ್ಲ. ಕಣ್ಣು ಮುಂದಿನ ಗಾಲಿಯ ಬುಡದಲ್ಲಿ ಇರಬಾರದು. ಹತ್ತಿಪ್ಪತ್ತು ಮಾರು ಆಚೆ ಇರಬೇಕು. ಕಲ್ಲನ್ನು ನೋಡುತ್ತ ಹೋದವನು ಕಲ್ಲಿಗೇ ಹೋಗಿ ಬಡಿಯುತ್ತಾನೆ. ಇದನ್ನು ನಾನು ಎರಡು ಸಲ ಪರೀಕ್ಷಿಸಿದ್ದೇನೆ. ಕೆಸರಿನಲ್ಲಿ ಆಕ್ಸಿಲರೇಟರನ್ನು ಒಂದೇ ಹದದಲ್ಲಿ ಹಿಡಿದು, ಒಂದು ಬೆರಳು ಕ್ಲಚ್ಚಿನ ಮೇಲೆ ಇಟ್ಟು, ಮುಂದಿನ ಬ್ರೇಕನ್ನು ಮರೆತು ಸಾಗಬೇಕು. ಎರೆಯ ಬಿರುಕಿನ ಕಾಲದಲ್ಲಿ ಬಿರುಕಿನ ಉದ್ದಕ್ಕೆ ಎಂದೂ ಹೋಗಬಾರದು, ಅಡ್ಡ ಹಾಯಬೇಕು.

ಗಾಲಿಯ ಗಾಳಿಯ ಮಾತಿನಲ್ಲಿ ನಾನು ಬಿದ್ದೆ, ಅಕ್ಷರಶಃ. ಮಣ್ಣುದಾರಿಯಲ್ಲಿ ಗಾಳಿ ಇಳಿಸಿದರೆ ಟಾಯರು ಅಗಲವಾಗಿ ನೆಲವನ್ನು ಹಿಡಿಯುತ್ತದೆಂದು ಯಾರೋ ಹೇಳಿದ್ದರು. ಮಸಾರಿಯಲ್ಲಿ, ಮರಳಿನಲ್ಲಿ ಅದು ನಿಜ. ಮೇ ತಿಂಗಳ ಅಡ್ಡಮಳೆಯ ಮರುದಿನ ನಾನು ಹದಿನೈದು ಪೌಂಡಿಗೆ ಇಳಿಸಿಕೊಂಡು ಎರೆಗೆ ಹೋದೆ. ಎರೆಗೆ ಬೇಕಾದುದು ಅಗಲವಲ್ಲ, ಸೀಳುವ ತೆಳುವು. ಚಕ್ಕಡಿ ಗಾಲಿಯ ಪಾಠವನ್ನೇ ಮರೆತಿದ್ದೆ. ಮೇಲಾಗಿ ಒಳಗೆ ಟ್ಯೂಬು ಇರುವ ಗಾಲಿ. ಗಾಳಿ ಕಡಿಮೆಯಾದಾಗ ಟಾಯರು ರಿಮ್ಮಿನ ಮೇಲೆ ಜಾರಿ, ಟ್ಯೂಬನ್ನು ಎಳೆದೊಯ್ದು, ವಾಲ್ವಿನ ಬುಡ ಹರಿಯುತ್ತದೆ. ಹರಿಯಿತು. ನಾನು ಸೋಯಾಬೀನಿಗೆ ಹರಗಿಟ್ಟ ಹೊಲದಲ್ಲಿ ಮಕಾಡೆ ಬಿದ್ದೆ. ಎಡಗೈಯ ಮಣಿಕಟ್ಟು ಉಳುಕಿತು. ಮನೆಯಲ್ಲಿ ಹೋರಿ ಒದೆಯಿತೆಂದು ಹೇಳಿದೆ. ಅಂದಿನಿಂದ ಎರೆಯ ಕಡೆ ಹೋಗುವಾಗ ಹಿಂದಿನ ಗಾಲಿಗೆ ಇಪ್ಪತ್ತೆರಡಕ್ಕಿಂತ ಕೆಳಗೆ ಇಳಿಸುವುದಿಲ್ಲ.

ಈ ವಿದ್ಯೆ ನಮ್ಮಂಥವರಿಗೆ ದಾರಿಯ ಕಷ್ಟ; ಜಗತ್ತಿಗೆ ಅದು ದೊಡ್ಡ ಆಟ. ಮಾವನ ಯೆಜ್ಡಿಯ ಮೂಲವಾದ ಜಾವಾ ಗಾಡಿಗಳ ಮೇಲೆ ಚೆಕೊಸ್ಲೊವಾಕಿಯಾದ ಸವಾರರು 1970ರ ದಶಕದ ಮೊದಲ ವರ್ಷಗಳಲ್ಲಿ ಆರು ದಿನಗಳ ಅಂತರರಾಷ್ಟ್ರೀಯ ಪಂದ್ಯವನ್ನು ಮೇಲಿಂದ ಮೇಲೆ ಗೆದ್ದರು. 1978ರ ಕೊನೆಯಲ್ಲಿ ಪ್ಯಾರಿಸಿನಿಂದ ಹೊರಟ ಡಕಾರ್ ಪಂದ್ಯ ಸಹರಾ ಮರುಭೂಮಿಯನ್ನು ದಾಟಿತು; 2020ರಿಂದ ಅದು ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಅದನ್ನು ಪೂರೈಸಿದ ಮೊದಲ ಭಾರತೀಯ ಎನಿಸಿಕೊಂಡರು. 2019ರಲ್ಲಿ ಉಡುಪಿಯ ಕೆ.ಪಿ. ಅರವಿಂದ್ ಪೂರೈಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ಪಂದ್ಯಗಳ ವಿಶ್ವಕಪ್ಪಿನಲ್ಲಿ ಮಹಿಳೆಯರ ಪ್ರಶಸ್ತಿ ಗೆದ್ದರು. ಕನ್ನಡನಾಡಿನವರು ಇವರು, ನಮ್ಮ ಊರ ಹುಡುಗರಿಗೆ ಇವರ ಹೆಸರಿಗಿಂತ ಕ್ರಿಕೆಟ್ಟಿನ ಹನ್ನೆರಡನೆಯವನ ಹೆಸರು ಚೆನ್ನಾಗಿ ಗೊತ್ತು. ಇರಲಿ. ಆಟಕ್ಕೆಂದು ಬರುವ ಪಟ್ಟಣದ ಯುವಕರಿಗೆ ಒಂದು ಮಾತು ಮಾತ್ರ ಹೇಳಬೇಕು. ಹಸಿ ಎರೆಯಲ್ಲಿ ಗಾಲಿಯನ್ನು ನಿಂತಲ್ಲೇ ಗಿರ್ರನೆ ತಿರುಗಿಸಿ ತೋಡಿದ ಕುಳಿ ಆರಿದ ಮೇಲೆ ಕಲ್ಲಾಗುತ್ತದೆ. ನೀವು ಚಿತ್ರ ತೆಗೆಸಿಕೊಂಡು ಹೋಗುತ್ತೀರಿ. ಮರುದಿನ ಗೊಬ್ಬರದ ಚಕ್ಕಡಿಯ ಅಚ್ಚು ಅಲ್ಲಿ ಮುರಿಯುತ್ತದೆ. ಬದು ಒಡೆದರಂತೂ ಇಡೀ ಮಳೆಗಾಲದ ಮಣ್ಣು ಹಳ್ಳದ ಪಾಲು.

2022ರ ಜುಲೈನಲ್ಲಿ ಮತ್ತೆ ಮಳೆ ಹಿಡಿಯಿತು. ಮತ್ತೆ ರಾತ್ರಿ, ಮತ್ತೆ ಎಮ್ಮೆ. ಬೇರೆ ಮನೆ, ದಾರಿ ಮಾತ್ರ ಹಿಂದಿನದಕ್ಕೆ ಹೊಂದಿದ್ದೇ. ಹೋದ ವರ್ಷ ಗಾಡಿ ಕಟ್ಟಿಹೋದ ಜಾಗವನ್ನು ಗೂಟದ ಮೇಲೆ ನಿಂತುಕೊಂಡೇ ದಾಟಿದೆ. ಮಣ್ಣು ಮೆತ್ತುತ್ತಿತ್ತು, ಕಳಚುತ್ತಿತ್ತು. ಎತ್ತರದ ಮಡ್‌ಗಾರ್ಡಿನ ಕೆಳಗಿನಿಂದ ಹೆಂಟೆಗಳು ಹಾರಿ ಎದೆಗೆ ಬಡಿಯುತ್ತಿದ್ದವು. ಹಿಂದಿನ ಗಾಲಿ ಅತ್ತಿತ್ತ ಬಾಲ ಬೀಸುತ್ತಿತ್ತು; ನಾನು ಅದನ್ನು ತಿದ್ದಲು ಹೋಗಲಿಲ್ಲ. ಎರಡು ಸಲ ಬಿದ್ದೆ, ಮೆತ್ತಗೆ. ಹೊಲಮನೆಯ ದೀಪ ಕಂಡಿತು. ನಡುವೆ ಹಳ್ಳ ಬಂದಿತ್ತು.

ಗಾಡಿಯ ದೀಪವನ್ನು ನೀರಿನ ಮೇಲೆ ಬಿಟ್ಟು ನೋಡಿದೆ. ಬೇಸಿಗೆಯಲ್ಲಿ ಈ ಹಳ್ಳವನ್ನು ಎಷ್ಟೋ ಸಲ ನೀರು ಚಿಮ್ಮಿಸುತ್ತ ದಾಟಿದ್ದೆ, ಹೆಮ್ಮೆಯಿಂದ. ಮನಸ್ಸು ದಾಟು ಎಂದಿತು. ಕೋಲು ಹಿಡಿದು ಇಳಿದೆ. ನಾಲ್ಕು ಹೆಜ್ಜೆಗೆ ಮೊಳಕಾಲು, ಆರಕ್ಕೆ ತೊಡೆ. ಎಂಜಿನ್ನು ಗಾಳಿ ಎಳೆಯುವ ಬಾಯಿ ಆಸನದ ಕೆಳಗೆ ಇರುತ್ತದೆ. ನೀರು ಅಲ್ಲಿಗೇರಿ ಸಿಲಿಂಡರಿಗೆ ಹೋದರೆ, ಗಾಳಿಯಂತೆ ಅದು ಒತ್ತಿದರೆ ಒತ್ತಿಕೊಳ್ಳುವ ವಸ್ತುವಲ್ಲ; ಮೇಲೆ ಬರುವ ಪಿಸ್ಟನ್ನಿಗೆ ತಡೆಯಾಗಿ ನಿಂತು ಅದರ ಕೋಲನ್ನೇ ಬಗ್ಗಿಸುತ್ತದೆ. ಗಾಡಿ ನೀರಿನಲ್ಲಿ ಬಿದ್ದರೆ ಸ್ಟಾರ್ಟರಿನ ಗುಂಡಿ ಒತ್ತಲೇಬಾರದು. ಪ್ಲಗ್ಗು ಬಿಚ್ಚಿ ನೀರನ್ನು ಹೊರಹಾಕಿದ ಮೇಲೆಯೇ ಮುಂದಿನ ಮಾತು. ಇದೆಲ್ಲಕ್ಕಿಂತ ಹೆಚ್ಚಾಗಿ, ಓಡುವ ನೀರಿಗೆ ನೂರೈವತ್ತು ಕಿಲೋ ಗಾಡಿ ಒಂದು ಹೊರೆಯೇ ಅಲ್ಲ.

ಕೂಗು ಹಾಕಿದೆ. ಆಚೆ ದಡಕ್ಕೆ ಇಬ್ಬರು ಹಗ್ಗ ತಂದರು, ಹೊಸ ಮಿಣಿ. ಈಚೆಯ ಜಾಲಿಮರಕ್ಕೆ ಅದನ್ನು ಕಟ್ಟಿ, ಗಾಡಿಯನ್ನು ಅದೇ ಮರಕ್ಕೆ ಒರಗಿಸಿ, ಚೀಲವನ್ನು ತಲೆಯ ಮೇಲೆ ಇಟ್ಟುಕೊಂಡು ಹಿಡಿದು ದಾಟಿದೆ. ಕರೆ ಬಂದು ಐವತ್ತು ನಿಮಿಷವಾಗಿತ್ತು. ತಿರುಚು ಬಲಕ್ಕೆ ಇತ್ತು. ಹಲಗೆ ಸಿಗಲಿಲ್ಲ, ಬಾಗಿಲಿನ ಒಂದು ಕದವನ್ನೇ ಕಿತ್ತು ತಂದರು. ಮೂರನೆಯ ಹೊರಳಿಗೆ ಬಿಚ್ಚಿತು. ಕರು ಹೆಣ್ಣು. ಮೂಗಿನೊಳಗಿನ ಲೋಳೆ ತೆಗೆದು ಹುಲ್ಲಿನಿಂದ ತಿಕ್ಕಿದಾಗ ಸೀನಿತು.

ಬೆಳಕು ಹರಿಯುವ ಹೊತ್ತಿಗೆ ಹಳ್ಳ ಇಳಿದಿತ್ತು. ಮನೆಯ ಹುಡುಗನೊಬ್ಬ ನನಗಿಂತ ಮೊದಲೇ ಗಾಡಿಯ ಬಳಿ ಹೋಗಿ ಕುಳಿತು, ಜಾಲಿಯ ಕಡ್ಡಿಯಿಂದ ಗಾಲಿಯ ಮಣ್ಣು ತೆಗೆಯುತ್ತಿದ್ದ. ಅವನ ಕೈಗೆ ಪಾನಾ ಕೊಟ್ಟು, ಒಂದೊಂದೇ ಕಡ್ಡಿ ಬಡಿಯಲು ಹೇಳಿದೆ. ಮುಂದಿನ ಗಾಲಿಯಲ್ಲಿ ಎರಡು ಮಂಕಾಗಿ ನುಡಿದವು, ಅವನೇ ಗುರುತಿಸಿದ.